ಚಹಾ ಉಂಡೆ ಅರಳುತ್ತಿಲ್ಲವೇ? ಹೂಚಹಾ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಯಾರೋ ಉಡುಗೊರೆ ಕೊಟ್ಟ ಪುಟ್ಟ ಡಬ್ಬಿ. ಒಳಗೆ ದೊಡ್ಡ ನೆಲ್ಲಿಕಾಯಿ ಗಾತ್ರದ ಆರೆಂಟು ಒಣ ಉಂಡೆಗಳು, ಡಬ್ಬಿಯ ಮೇಲೆ ಗಾಜಿನ ಹೂಜಿಯಲ್ಲಿ ಅರಳಿ ನಿಂತ ಹೂವಿನ ಚಿತ್ರ. ಮನೆಮಂದಿಯನ್ನೆಲ್ಲ ಸುತ್ತ ಕೂರಿಸಿಕೊಂಡು ಬಿಸಿನೀರು ಸುರಿದರೆ ಉಂಡೆ ನೀರಿನ ಮೇಲೆ ತೇಲುತ್ತದೆ. ಹತ್ತು ನಿಮಿಷ ಕಾದರೂ ಬಾಯಿ ಬಿಡುವುದಿಲ್ಲ. ಕಡೆಗೊಮ್ಮೆ ಅರಳಿದರೂ ನೀರು ಕುಡಿಯಲಾಗದಷ್ಟು ಕಹಿ. ಈ ಚಹಾದ ಬಗ್ಗೆ ನನ್ನನ್ನು ಕೇಳಿದವರ ದೂರುಗಳೆಲ್ಲ ಈ ಮೂರರಲ್ಲೇ ಸುತ್ತುತ್ತವೆ: ತೇಲಿತು, ಅರಳಲಿಲ್ಲ, ಕಹಿಯಾಯಿತು. ಬಹಳ ಮಂದಿ ಮಾಲು ಕೆಟ್ಟದ್ದೆಂದು ಡಬ್ಬಿಯನ್ನೇ ಎಸೆದುಬಿಟ್ಟಿದ್ದಾರೆ. ನಾನು ನೋಡಿದ ಮಟ್ಟಿಗೆ ಉಂಡೆ ಕೆಟ್ಟಿರುವುದು ಅಪರೂಪ. ಕೆಡುವುದು ಕೆಲಸದ ಕ್ರಮ.

ಮೊದಲೇ ಒಂದು ವಿಷಯ ಮನಸ್ಸಿನಲ್ಲಿರಲಿ. ಹೂ ಅರಳುವುದಕ್ಕೆ ಬೇಕಾದ ಬಿಸಿಯೇ ಬೇರೆ, ಚಹಾ ರುಚಿಯಾಗುವುದಕ್ಕೆ ಬೇಕಾದ ಬಿಸಿಯೇ ಬೇರೆ. ಬಿಗಿಯಾಗಿ ಕಟ್ಟಿ ಒಣಗಿಸಿದ ಎಲೆ ಸಡಿಲಗೊಳ್ಳಲು ಕುದಿಗೆ ಹತ್ತಿರವಿರುವ ನೀರು ಬೇಕು. ಆದರೆ ಅಷ್ಟು ಬಿಸಿಯಲ್ಲಿ ಬಹಳ ಹೊತ್ತು ನೆನೆದ ಎಲೆ ಕಹಿಯನ್ನೂ ಒಗರನ್ನೂ ಬಿಡುತ್ತದೆ. ಆದ್ದರಿಂದ ನೀರನ್ನು ಒಂದೇ ಸಲ ಸುರಿಯದೆ ಎರಡು ಸಲ, ಎರಡು ಬಿಸಿಯಲ್ಲಿ ಸುರಿಯಬೇಕು. ಈ ಬರಹದ ಉಳಿದ ಹಂತಗಳೆಲ್ಲ ಇದರ ಸುತ್ತಲೇ ಇವೆ.

## ಉಂಡೆಯನ್ನು ಕಟ್ಟಿರುವ ಬಗೆ

ಇದನ್ನು ತಿಳಿಯದಿದ್ದರೆ ಮುಂದಿನ ಹಂತಗಳು ಅರ್ಥವಾಗುವುದಿಲ್ಲ. ಚೀನಾದ ಫುಜಿಯಾನ್, ಅನ್‌ಹುಯಿ, ಯುನ್ನಾನ್ ಪ್ರಾಂತಗಳಲ್ಲಿ ಈ ಉಂಡೆಗಳನ್ನು ಒಂದೊಂದಾಗಿ ಕೈಯಲ್ಲೇ ಕಟ್ಟುತ್ತಾರೆ. ಅಲ್ಲಿ ಇದಕ್ಕೆ ‘ಗೊಂಗ್‌ಯಿ ಚಾ’ ಎಂಬ ಹೆಸರಿದೆ. ಕುಸುರಿ ಕೆಲಸದ ಚಹಾ ಎಂದು ಅರ್ಥ. ಉದ್ದನೆಯ ಎಳೆ ಕುಡಿಗಳನ್ನು ಮೆತ್ತಗಿರುವಾಗಲೇ ಒತ್ತಾಗಿ ಜೋಡಿಸಿ, ಬುಡಗಳನ್ನು ಹತ್ತಿಯ ದಾರದಿಂದ ಬಿಗಿಯುತ್ತಾರೆ. ನಡುವೆ ಒಣಗಿಸಿದ ಹೂವನ್ನು ದಾರದಲ್ಲಿ ಪೋಣಿಸಿ ನಿಲ್ಲಿಸುತ್ತಾರೆ. ಆಮೇಲೆ ಎಲೆಗಳನ್ನು ಹೂವಿನ ಮೇಲೆ ಮಡಚಿ, ಬಟ್ಟೆಯಲ್ಲಿ ಸುತ್ತಿ, ಗುಂಡಗೆ ಮಾಡಿ ಒಣಗಿಸುತ್ತಾರೆ. ಹೂ ಕಟ್ಟಿ ಅಭ್ಯಾಸವಿರುವವರು ಉಂಡೆಯನ್ನು ಕೈಗೆತ್ತಿಕೊಂಡರೆ ಗಂಟು ಎಲ್ಲಿದೆಯೆಂದು ಬೆರಳೇ ಹೇಳುತ್ತದೆ.

ಹಾಗಾಗಿ ಉಂಡೆಗೆ ಬುಡವಿದೆ, ಬಾಯಿಯಿದೆ. ಗಂಟಿರುವ ಗಟ್ಟಿ ಭಾಗ ಬುಡ. ಎಲೆಯ ತುದಿಗಳು ಒಟ್ಟುಗೂಡಿರುವುದು ಬಾಯಿ. ಹೂ ಮೇಲೇಳುವುದು ಬಾಯಿಯ ಕಡೆಯಿಂದ.

ಒಳಗಿರುವ ಹೂಗಳು ಸಾಮಾನ್ಯವಾಗಿ ಮಲ್ಲಿಗೆ, ಸೇವಂತಿಗೆ, ಲಿಲ್ಲಿ, ಗುಂಡಗಿನ ನೇರಳೆಗೆಂಪು ಗೊಂಫ್ರೀನಾ. ಚೀನಾದ ಚಹಾಕ್ಕೆ ಬಳಸುವ ಮಲ್ಲಿಗೆಯೂ ನಮ್ಮ ಉಡುಪಿ ಮಲ್ಲಿಗೆಯೂ ಒಂದೇ ಸಸ್ಯಜಾತಿಗೆ ಸೇರಿದವು. ಆ ಪರಿಮಳವನ್ನು ಬಲ್ಲ ಮೂಗಿಗೆ ನಕಲಿ ಸುವಾಸನೆಯನ್ನು ಗುರುತಿಸುವುದು ಕಷ್ಟವಲ್ಲ.

## ಹಂತ 1: ಪಾತ್ರೆ, ಸಲಕರಣೆ

ಬೇಕಾದವು ಕಡಿಮೆ: ಶಾಖ ತಡೆಯುವ ಗಾಜಿನ ಎತ್ತರದ ಪಾತ್ರೆ, ನೀರು ಕಾಯಿಸಲು ಕೆಟಲ್ ಅಥವಾ ಪಾತ್ರೆ, ಒಂದು ಉದ್ದನೆಯ ಚಮಚ, ಕುಡಿಯಲು ಸಣ್ಣ ಲೋಟಗಳು, ಕೆಳಗೆ ಹಾಸಲು ಮಡಚಿದ ಒಣ ಬಟ್ಟೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಗಾಜಿನ ಪಾತ್ರೆಯ ಬಗ್ಗೆ. ಬೊರೊಸಿಲಿಕೇಟ್ ಗಾಜೇ ಆಗಬೇಕು. ಉಪ್ಪಿನಕಾಯಿ ಬಾಟಲಿ, ಜಾಮ್ ಬಾಟಲಿ, ಜ್ಯೂಸಿನ ಲೋಟ ಇವೆಲ್ಲ ಸಾಮಾನ್ಯ ಗಾಜು. ಮೊದಲ ಸಲ ನಾನು ಬಳಸಿದ್ದೂ ಅಂಥದೇ ಒಂದು ಲೋಟ. ನೀರು ಬಿದ್ದ ಗಳಿಗೆಯಲ್ಲೇ ಬುಡ ಕಳಚಿ, ಕುದಿನೀರು ಕಟ್ಟೆಯಿಂದ ಕೆಳಗೆ ಹರಿಯಿತು. ಪಕ್ಕದಲ್ಲಿ ಮಕ್ಕಳಿರಲಿಲ್ಲ, ಅಷ್ಟೇ ಪುಣ್ಯ.

ಅಳತೆಯೂ ಮುಖ್ಯ. ಐದಾರು ನೂರು ಮಿಲಿಲೀಟರ್ ಹಿಡಿಯಬೇಕು, ಒಳಗಿನ ಅಗಲ 8ರಿಂದ 10 ಸೆಂಟಿಮೀಟರ್, ಎತ್ತರ 12 ಸೆಂಟಿಮೀಟರ್ ಆದರೂ ಇರಬೇಕು. ಅಗಲ ಕಡಿಮೆಯಾದರೆ ಎಲೆಗಳು ಗೋಡೆಗೆ ತಾಗಿ ಅರ್ಧದಲ್ಲೇ ನಿಲ್ಲುತ್ತವೆ. ಎತ್ತರ ಕಡಿಮೆಯಾದರೆ ಮಲ್ಲಿಗೆಯ ಸರ ಮೇಲೇಳಲು ಜಾಗವಿರುವುದಿಲ್ಲ. ಇದಕ್ಕೆಂದೇ ದುಬಾರಿ ಹೂಜಿ ಕೊಳ್ಳಬೇಕಿಲ್ಲ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ 600 ಮಿಲಿಲೀಟರ್ ಬೀಕರ್ ಸರಿಯಾಗಿ ಈ ಅಳತೆಯದೇ. ಬಗ್ಗಿಸಲು ಮೂತಿಯೂ ಇರುತ್ತದೆ. ಆದರೆ ಹೊಚ್ಚ ಹೊಸದೇ ಆಗಿರಬೇಕು. ಎಂದಾದರೂ ರಾಸಾಯನಿಕಕ್ಕೆ ಬಳಸಿದ ಬೀಕರ್ ಎಷ್ಟು ತೊಳೆದರೂ ಅಡುಗೆಮನೆಗೆ ಬೇಡ. ಕಾಫಿ ಒತ್ತುವ ಗಾಜಿನ ಫ್ರೆಂಚ್ ಪ್ರೆಸ್ ಇದ್ದರೆ ಅದರ ಒತ್ತುಗೋಲು ತೆಗೆದಿಟ್ಟು ಬಳಸಬಹುದು. ಹಳೆಯ ಕಾಫಿ ವಾಸನೆ ಹೋಗುವಂತೆ ಚೆನ್ನಾಗಿ ತೊಳೆದಿರಬೇಕು.

## ಹಂತ 2: ಉಂಡೆಯನ್ನು ಪರೀಕ್ಷಿಸುವುದು

ನೀರು ಕಾಯಿಸುವ ಮುನ್ನ ಉಂಡೆಯನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ. ಒಳ್ಳೆಯ ಉಂಡೆ ಬಿಗಿಯಾಗಿ, ಒಣಗಿ, ಹಗುರವಾಗಿ ಇರುತ್ತದೆ. ತೂಕ ಸಾಮಾನ್ಯವಾಗಿ 5ರಿಂದ 8 ಗ್ರಾಂ. ಮೇಲೆ ಬೆಳ್ಳಿಯಂತಹ ನವಿರು ರೋಮ ಕಂಡರೆ ಗಾಬರಿ ಬೇಡ, ಅದು ಎಳೆ ಮೊಗ್ಗಿನದು. ಎಲೆಯ ಉದ್ದಕ್ಕೂ ಒಂದೇ ದಿಕ್ಕಿಗೆ ಮಲಗಿರುವುದು ರೋಮ. ಬೂಷ್ಟು ಹಾಗಿರುವುದಿಲ್ಲ. ಅದು ಅಲ್ಲಲ್ಲಿ ಗುಂಪು ಗುಂಪಾಗಿ ಹತ್ತಿಯ ಹಾಗೆ ಎದ್ದಿರುತ್ತದೆ, ಜೊತೆಗೆ ಮುಗ್ಗಲು ವಾಸನೆ ಬರುತ್ತದೆ. ಅಂಥ ಉಂಡೆಯನ್ನು ಬಿಸಿಲಿಗಿಟ್ಟು ಸರಿಮಾಡಲು ಹೋಗದೆ ಎಸೆಯಿರಿ. ಅದೇ ಡಬ್ಬಿಯಲ್ಲಿದ್ದ ಉಳಿದವುಗಳ ಮೇಲೂ ಕಣ್ಣಿಡಿ.

ಎಚ್ಚರಿಕೆಯ ಗುರುತುಗಳು ಇನ್ನೂ ಕೆಲವಿವೆ. ಡಬ್ಬಿ ತೆರೆದೊಡನೆ ಅಗರಬತ್ತಿಯಂತೆ ಮೂಗಿಗೆ ಹೊಡೆಯುವ ಘಾಟು ಬಂದರೆ ಸುವಾಸನೆಯನ್ನು ಹೊರಗಿನಿಂದ ಸೇರಿಸಿರುವ ಸಾಧ್ಯತೆ ಹೆಚ್ಚು. ದಾರ ನೈಲಾನಿನಂತೆ ಹೊಳೆಯುತ್ತಿದ್ದರೆ, ತಂತಿ ಅಥವಾ ಅಂಟಿನ ಗುರುತು ಕಂಡರೆ ಬಳಸಬೇಡಿ. ನೀರಿಗೆ ಬಿದ್ದ ಕೆಲವೇ ಕ್ಷಣಗಳಲ್ಲಿ ಶಾಯಿ ಕದಡಿದಂತೆ ಗಾಢ ಬಣ್ಣ ಹರಡಿದರೂ ಅನುಮಾನಪಡಬೇಕು. ಆದರೆ ಇಲ್ಲೊಂದು ವಿವೇಚನೆ ಬೇಕು. ಕೆಂಪು ದಾಸವಾಳದ ಜಾತಿಯ ಹೂವಿದ್ದರೆ ನೀರು ಕೆಂಪಾಗುವುದು ಸಹಜ, ಗೊಂಫ್ರೀನಾ ಕೂಡ ನಸುಗುಲಾಬಿ ಬಣ್ಣ ಬಿಡುತ್ತದೆ. ಡಬ್ಬಿಯ ಮೇಲೆ ಬರೆದಿರುವ ಹೂವಿಗೂ ನೀರಿನ ಬಣ್ಣಕ್ಕೂ ತಾಳೆಯಾಗದಿದ್ದಾಗ ಮಾತ್ರ ಚೆಲ್ಲಿ.

ತುಂಬ ಹಳೆಯ ಉಂಡೆ ಬೆರಳಿನ ನಡುವೆಯೇ ಪುಡಿಪುಡಿಯಾಗುತ್ತದೆ. ಅದು ಅಪಾಯವೇನಲ್ಲ, ಅರಳಿದರೂ ಎಲೆ ಉದುರುತ್ತದೆ, ಪರಿಮಳ ಸತ್ತಿರುತ್ತದೆ. ಇಂಥದನ್ನು ಅತಿಥಿಗಳ ಮುಂದೆ ಪ್ರಯೋಗಿಸಬೇಡಿ.

## ಹಂತ 3: ನೀರು

ಅರ್ಧದಷ್ಟು ಸೋಲು ಇಲ್ಲೇ ಆಗುತ್ತದೆ. ಕಚೇರಿಯ ನೀರಿನ ಯಂತ್ರದ ಬಿಸಿ ನಲ್ಲಿ, ಬೆಳಗ್ಗೆ ತುಂಬಿಟ್ಟ ಫ್ಲಾಸ್ಕು ಇವುಗಳ ನೀರು ಕೈಗೆ ಸುಡುವಷ್ಟಿದ್ದರೂ ಉಂಡೆಯನ್ನು ಬಿಡಿಸುವಷ್ಟು ಇರುವುದಿಲ್ಲ. ಮೊದಲ ಸುರಿತಕ್ಕೆ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು ಬೇಕು. ಮಂಗಳೂರು, ಕಾರವಾರದಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ, ಮಡಿಕೇರಿಯಲ್ಲಿ ಅದಕ್ಕಿಂತ ತುಸು ಕಡಿಮೆ. ಆದ್ದರಿಂದ ಕರಾವಳಿಯವರು ಒಲೆಯಿಂದ ಇಳಿಸಿ ಅರ್ಧ ನಿಮಿಷ ಬಿಡಿ. ಬೆಂಗಳೂರು, ಮೈಸೂರು, ಕೊಡಗಿನವರು ಕಾಯಬೇಡಿ, ಕುದಿ ನಿಂತೊಡನೆ ಸುರಿಯಿರಿ. “ಕುದಿನೀರನ್ನು ಎರಡು ನಿಮಿಷ ಆರಿಸಿ” ಎಂಬ ಡಬ್ಬಿಯ ಸೂಚನೆಯನ್ನು ಎತ್ತರದ ಊರಿನಲ್ಲಿ ಅಕ್ಷರಶಃ ಪಾಲಿಸಿ ಸೋತವರು ಬಹಳ ಜನ.

ಎರಡನೆಯ ಸುರಿತಕ್ಕೆ 80 ಡಿಗ್ರಿ ಸಾಕು. ಅದೇ ಪಾತ್ರೆಯಲ್ಲಿ ಉಳಿದ ನೀರನ್ನು ಮುಚ್ಚಳ ತೆಗೆದಿಟ್ಟರೆ, ಮೊದಲ ಭಾಗ ತನ್ನ ಕೆಲಸ ಮಾಡುವ ಹೊತ್ತಿಗೆ ತಾನಾಗಿ ಆ ಮಟ್ಟಕ್ಕೆ ಇಳಿಯುತ್ತಾ ಬರುತ್ತದೆ.

ನೀರಿನ ಗಡಸುತನವೂ ಲೆಕ್ಕಕ್ಕೆ ಬರುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಚಹಾ ಮಂಕಾಗುತ್ತದೆ, ಮೇಲೆ ತೆಳುವಾದ ಎಣ್ಣೆಯಂತಹ ಪೊರೆ ಕಟ್ಟುತ್ತದೆ. ಇದನ್ನು ಕಂಡು ಉಂಡೆಗೆ ಏನೋ ಬೆರೆಸಿದ್ದಾರೆಂದು ಹೆದರುವವರಿದ್ದಾರೆ. ನಿಜ ತಿಳಿಯಬೇಕಾದರೆ ಅದೇ ಡಬ್ಬಿಯ ಇನ್ನೊಂದು ಉಂಡೆಯನ್ನು ಶುದ್ಧೀಕರಿಸಿದ ಮೆದು ನೀರಿನಲ್ಲಿ ಮಾಡಿ. ಪೊರೆ ಮಾಯವಾದರೆ ತಪ್ಪು ನೀರಿನದು. ಬೇರೆ ನೀರಿಲ್ಲದಿದ್ದರೆ ಕೊಳವೆಬಾವಿಯ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿ ಗಸಿ ಬಿಟ್ಟು ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಮತ್ತೆ ಕಾಯಿಸಿ.

## ಹಂತ 4: ಗಾಜನ್ನು ಬಿಸಿಮಾಡುವುದು

ಇದು ಒಂದು ನಿಮಿಷದ ಕೆಲಸ, ಬಿಡುವವರೇ ಹೆಚ್ಚು. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಸ್ವಲ್ಪ ಬಿಸಿನೀರು ಹಾಕಿ ಪಾತ್ರೆಯನ್ನು ಸುತ್ತ ಆಡಿಸಿ ಚೆಲ್ಲಿ. ಇದರಿಂದ ಗಾಜು ಸಿಡಿಯುವ ಭಯ ಕಡಿಮೆಯಾಗುತ್ತದೆ, ಸುರಿದ ನೀರಿನ ಬಿಸಿಯನ್ನು ತಣ್ಣನೆಯ ಗಾಜು ಕಸಿದುಕೊಳ್ಳುವುದೂ ತಪ್ಪುತ್ತದೆ.

ಬಿಸಿ ಗಾಜನ್ನು ಬರಿಯ ಗ್ರಾನೈಟ್ ಕಟ್ಟೆಯ ಮೇಲೆ ಇಡಬೇಡಿ, ಅದರಲ್ಲೂ ಕಟ್ಟೆ ಒದ್ದೆಯಿದ್ದರೆ ಖಂಡಿತ ಬೇಡ. ಮಡಚಿದ ಒಣ ಬಟ್ಟೆಯೋ ಮರದ ಹಲಗೆಯೋ ಕೆಳಗಿರಲಿ.

## ಹಂತ 5: ಉಂಡೆ ಇಟ್ಟು ಮೊದಲ ಸುರಿತ

ಗಂಟಿನ ಕಡೆ ಕೆಳಗೆ, ಬಾಯಿ ಮೇಲೆ ಬರುವಂತೆ ಉಂಡೆಯನ್ನು ತಳದ ನಡುವೆ ಇಡಿ. ಒಂದು ಪಾತ್ರೆಗೆ ಒಂದೇ ಉಂಡೆ. ಎರಡು ಹಾಕಿದರೆ ಎರಡು ಹೂ ಅರಳುತ್ತದೆಂದು ಎಣಿಸಬೇಡಿ. ಒಂದನ್ನೊಂದು ನೂಕಿ ಎರಡೂ ಅಡ್ಡ ಬೀಳುತ್ತವೆ, ಚಹಾ ಕಷಾಯವಾಗುತ್ತದೆ.

ಪಾತ್ರೆಯ ಅರ್ಧದವರೆಗೆ ಅತಿ ಬಿಸಿ ನೀರನ್ನು ಗೋಡೆಗೆ ತಾಗಿಸಿಕೊಂಡು ನಿಧಾನವಾಗಿ ಸುರಿಯಿರಿ. ಎತ್ತರದಿಂದ ನೇರ ಉಂಡೆಯ ನೆತ್ತಿಗೆ ಸುರಿದರೆ ಅದು ಮಗುಚುತ್ತದೆ, ಎಳೆಯ ಹೂದಳ ಮುರಿಯುತ್ತದೆ.

ತೇಲಿದರೆ: ಒಣ ಎಲೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ತೇಲುತ್ತದೆ. ಅದು ಕೆಟ್ಟ ಉಂಡೆಯ ಲಕ್ಷಣವಲ್ಲ. ಚಮಚದ ಬೆನ್ನಿನಿಂದ ಹಗುರವಾಗಿ ನೀರೊಳಗೆ ಅದುಮಿ ಹತ್ತು ಹದಿನೈದು ಸೆಕೆಂಡು ಹಿಡಿಯಿರಿ. ಗುಳ್ಳೆಗಳು ಸಾಲಾಗಿ ಮೇಲೆ ಬರುತ್ತವೆ, ಆಮೇಲೆ ತಾನಾಗಿ ಮುಳುಗುತ್ತದೆ. ಒಂದೆರಡು ನಿಮಿಷ ತೇಲಿ ತಾನೇ ಮುಳುಗುವ ಉಂಡೆಗಳೂ ಇವೆ. ಗಂಟು ಕೆಳಗಿದ್ದರೆ ಅವನ್ನು ಮುಟ್ಟಬೇಡಿ.

ತಲೆಕೆಳಗಾದರೆ: ಎಲೆ ಬಿಚ್ಚುವ ಮೊದಲೇ ಚಮಚದಿಂದ ತಿರುಗಿಸಿ. ಬಿಚ್ಚಲು ಶುರುವಾದ ಮೇಲೆ ಕೈ ಹಾಕಿದರೆ ದಾರ ಸಡಿಲವಾಗಿ ಎಲೆಗಳೆಲ್ಲ ಚೆದುರುತ್ತವೆ.

ಪೊಟ್ಟಣದ ಪುಡಿ ಕಂಡು ಉಂಡೆಯನ್ನು ಮೊದಲು ತೊಳೆಯಬೇಕೇ ಎಂದು ಕೇಳುತ್ತಾರೆ. ನಾನು ತೊಳೆಯುವುದಿಲ್ಲ. ತೊಳೆದ ನೀರಿನಲ್ಲೇ ಮಲ್ಲಿಗೆಯ ಮೊದಲ ಪರಿಮಳ ಹೋಗಿಬಿಡುತ್ತದೆ. ಮೆಲ್ಲಗೆ ತಟ್ಟಿ ಪುಡಿ ಉದುರಿಸಿದರೆ ಸಾಕು.

## ಹಂತ 6: ಕಾಯುವುದು

ಕೈ ಕಟ್ಟಿಕೊಂಡು ನೋಡುವ ಹೊತ್ತು ಇದು. ಮೊದಲು ಬಾಯಿಯ ಎಲೆಗಳು ಒಂದೊಂದಾಗಿ ಹಿಂದಕ್ಕೆ ಬಾಗುತ್ತವೆ. ಆಮೇಲೆ ಒಳಗಿನ ಹೂವಿನ ಬಣ್ಣ ಇಣುಕುತ್ತದೆ. ಕೊನೆಗೆ, ಮಲ್ಲಿಗೆ ಪೋಣಿಸಿದ್ದರೆ, ಸರ ಕಮಾನಿನಂತೆ ಮೇಲೇಳುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ, ದಪ್ಪ ಉಂಡೆಗೆ ಎಂಟು ಹತ್ತು ನಿಮಿಷ ಹಿಡಿಯಬಹುದು.

ಕಲಕಬೇಡಿ. ಚಮಚದ ತುದಿಯಿಂದ ಎಲೆ ಬಿಡಿಸಬೇಡಿ. ಪಾತ್ರೆಯನ್ನು ಒಲೆಯ ಮೇಲಂತೂ ಇಡಲೇಬೇಡಿ. ಹಾಲು ಸಕ್ಕರೆಯೊಡನೆ ಕುದಿಸಿ ಸೋಸಿದವರೂ ಇದ್ದಾರೆ. ಅವರಿಗೆ ಹೂವೂ ಸಿಗಲಿಲ್ಲ, ಚಹಾವೂ ಸಿಗಲಿಲ್ಲ.

ಐದು ನಿಮಿಷವಾದರೂ ಎಲೆ ಅಲುಗದಿದ್ದರೆ ನೀರಿನ ಬಿಸಿ ಸಾಲಲಿಲ್ಲವೆಂದೇ ತಿಳಿಯಿರಿ. ಪಾತ್ರೆಯಿಂದ ಅರ್ಧ ನೀರು ಬೇರೆ ಲೋಟಕ್ಕೆ ತೆಗೆದು, ಆಗತಾನೇ ಕುದಿದ ನೀರನ್ನು ಅಷ್ಟೇ ಸೇರಿಸಿ ತಟ್ಟೆ ಮುಚ್ಚಿ ಎರಡು ನಿಮಿಷ ಬಿಡಿ. ಮೊಂಡು ಉಂಡೆಗಳು ಸಾಮಾನ್ಯವಾಗಿ ಇದಕ್ಕೆ ಮಣಿಯುತ್ತವೆ. ತೆಗೆದ ನೀರನ್ನು ಚೆಲ್ಲಬೇಡಿ, ಆಮೇಲೆ ಬೆರೆಸಿಕೊಳ್ಳಬಹುದು. ಇಷ್ಟಾದರೂ ಬಿಚ್ಚದಿದ್ದರೆ ದಾರವನ್ನು ಹೊರಸುತ್ತಿನಲ್ಲೂ ಕಟ್ಟಿರಬಹುದು. ಉಂಡೆಯನ್ನು ಹೊರತೆಗೆದು, ತುಸು ಆರಿದ ಮೇಲೆ ನೋಡಿ, ಬುಡದ ಗಂಟನ್ನು ಮುಟ್ಟದೆ ಮೇಲಿನ ಸುತ್ತನ್ನು ಮಾತ್ರ ಕತ್ತರಿಸಿ.

## ಹಂತ 7: ಎರಡನೆಯ ಸುರಿತ, ಕುಡಿಯುವುದು

ಹೊರಗಿನ ಎಲೆಗಳು ಪೂರ್ತಿ ಬಾಗಿ ಹೂ ಕಾಣಿಸಿಕೊಂಡೊಡನೆ ಆರಿದ ನೀರನ್ನು, ಅಂದರೆ 80 ಡಿಗ್ರಿಯ ಆಸುಪಾಸಿನದನ್ನು, ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಮೇಲೆ ಬರುವವರೆಗೆ ಸುರಿಯಿರಿ. ಇಲ್ಲಿಂದ ಎಲೆ ಮೆಲ್ಲಗೆ ರಸ ಬಿಡುತ್ತದೆ, ಕಹಿ ಹಿಂದೆ ಸರಿಯುತ್ತದೆ.

ಒಂದೆರಡು ನಿಮಿಷದ ನಂತರ ಸಣ್ಣ ಲೋಟಕ್ಕೆ ಒಂದು ಗುಟುಕು ಬಗ್ಗಿಸಿ ರುಚಿ ನೋಡಿ. ಗಡಿಯಾರಕ್ಕಿಂತ ನಾಲಿಗೆಯನ್ನು ನಂಬಿ. ಬಣ್ಣ ತಿಳಿ ಹೊಂಬಣ್ಣಕ್ಕೆ ಬಂದಾಗ ಕುಡಿಯಲು ಹದ. ಕಡುಕಂದಾದರೆ ಹೊತ್ತು ಮೀರಿದೆ. ಹೂವನ್ನು ನೋಡುತ್ತಾ ಮಾತಿಗೆ ಕುಳಿತು ಅರ್ಧ ಗಂಟೆ ಕಳೆದುಬಿಡುವುದೇ ಕಹಿಗೆ ಮುಖ್ಯ ಕಾರಣ. ಹದವಾದೊಡನೆ ಎಲ್ಲರ ಲೋಟಕ್ಕೂ ಬಗ್ಗಿಸಿಬಿಡಿ.

ಹಾಲು ಬೇಡ. ಸಿಹಿ ಬೇಕೆನ್ನುವವರು ತಮ್ಮ ಲೋಟಕ್ಕೆ ಒಂದು ಚೂರು ಕಲ್ಲುಸಕ್ಕರೆ ಹಾಕಿಕೊಳ್ಳಲಿ. ಚೀನಾದಲ್ಲೂ ಸೇವಂತಿಗೆ ಚಹಾಕ್ಕೆ ಕಲ್ಲುಸಕ್ಕರೆ ಹಾಕುವ ರೂಢಿಯಿದೆ. ದೊಡ್ಡ ಪಾತ್ರೆಗೆ ಹಾಕಿದರೆ ಮುಂದಿನ ಸುತ್ತುಗಳ ರುಚಿ ಕೆಡುತ್ತದೆ. ಖಾರದ ಕುರುಕಲನ್ನು ಜೊತೆಗಿಡಬೇಡಿ, ಈ ಚಹಾದ ರುಚಿ ಬಹಳ ಸೂಕ್ಷ್ಮ.

## ಹಂತ 8: ಮತ್ತೆ ಎರಡು ಸುತ್ತು

ಒಂದು ಸುತ್ತಿಗೇ ಉಂಡೆಯನ್ನು ಎಸೆಯುವುದು ದೊಡ್ಡ ನಷ್ಟ. ಮೂರು ಸುತ್ತು ಬರುತ್ತದೆ, ನನ್ನ ನಾಲಿಗೆಗೆ ಎರಡನೆಯದೇ ಎಲ್ಲಕ್ಕಿಂತ ಇಂಪು.

ಗುಟ್ಟು ಇಷ್ಟೇ: ಪಾತ್ರೆಯನ್ನು ಬರಿದು ಮಾಡಬೇಡಿ. ಮೂರನೆಯ ಒಂದು ಭಾಗ ಉಳಿದಿರುವಾಗಲೇ ನೀರು ತುಂಬಿ. ಗಾಜಿನ ಲೋಟದಲ್ಲಿ ಚಹಾ ಮಾಡುವ ಚೀನೀಯರು ಇದನ್ನು ‘ಬೇರು ಉಳಿಸುವುದು’ ಎನ್ನುತ್ತಾರೆ. ಹಳೆಯ ರಸದಿಂದ ಹೊಸ ಸುತ್ತಿಗೆ ಸಾರ ಬರುತ್ತದೆ. ನಮ್ಮ ಹೂವಿಗೆ ಇನ್ನೊಂದು ಉಪಕಾರವೂ ಇದೆ: ನೀರು ಪೂರ್ತಿ ಬಸಿದರೆ ಎಲೆಗಳು ಕುಸಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮತ್ತೆ ಮೊದಲಿನಂತೆ ಏಳುವುದಿಲ್ಲ.

ಎರಡನೆಯ ಸುತ್ತಿಗೆ 90 ಡಿಗ್ರಿ, ಮೂರನೆಯದಕ್ಕೆ ಕುದಿನೀರೇ ಆಗಬಹುದು. ಕಹಿಯ ಬಹುಪಾಲು ಆಗಲೇ ಹೋಗಿರುತ್ತದೆ. ಪ್ರತಿ ಸುತ್ತಿಗೂ ಹಿಂದಿನದಕ್ಕಿಂತ ಎರಡು ಮೂರು ನಿಮಿಷ ಹೆಚ್ಚು ಬಿಡಿ.

## ಯಾರು ಎಚ್ಚರ ವಹಿಸಬೇಕು

ಹೂವಿದೆಯೆಂದ ಮಾತ್ರಕ್ಕೆ ಇದು ಮೂಲಿಕೆಯ ಕಷಾಯವಲ್ಲ. ನಿಜವಾದ ಚಹಾ ಎಲೆ ಇರುವುದರಿಂದ ಕೆಫೀನ್ ಇದ್ದೇ ಇರುತ್ತದೆ. ರಾತ್ರಿ ನಿದ್ದೆ ಬಾರದವರು, ಮಕ್ಕಳು, ಗರ್ಭಿಣಿಯರು ಇದನ್ನು ಗಮನದಲ್ಲಿಡಬೇಕು. ಗರ್ಭಿಣಿಯರು ಒಳಗಿನ ಹೂ ಯಾವುದೆಂದು ವೈದ್ಯರಿಗೆ ಹೇಳಿ ಕೇಳುವುದು ಒಳಿತು. ಸೇವಂತಿಗೆ, ಚೆಂಡುಹೂಗಳ ಪರಾಗಕ್ಕೆ ಸೀನು, ತುರಿಕೆ ಬರುವವರು ಆ ಹೂವಿರುವ ಉಂಡೆ ಕುಡಿಯಬಾರದು. ಊಟದ ಜೊತೆಗೆ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಸರಿಯಾಗಿ ಸೇರುವುದಿಲ್ಲ, ರಕ್ತಹೀನತೆ ಇರುವವರು ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಬೇಕು.

ಉಂಡೆಯ ಹೂ ಬಾಡಿದೆಯೆಂದು ಮಾರುಕಟ್ಟೆಯ ಮಲ್ಲಿಗೆಯನ್ನೋ ಸೇವಂತಿಗೆಯನ್ನೋ ಪಾತ್ರೆಗೆ ಹಾಕುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮುಡಿಯಲು, ಪೂಜೆಗೆ ಬೆಳೆದ ಹೂವಿಗೆ ಕೀಟನಾಶಕ ಸಿಂಪಡಿಸಿರುತ್ತಾರೆ, ಅದು ಕುಡಿಯುವ ನೀರಿಗೆ ಬೀಳಬಾರದು.

## ಇಟ್ಟುಕೊಳ್ಳುವುದು

ಬೆಳಕು, ತೇವ, ವಾಸನೆ ಈ ಮೂರೂ ತಾಗದಿರಲಿ. ಚಹಾ ಎಲೆ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಮಲ್ಲಿಗೆಯ ಪರಿಮಳ ಅದಕ್ಕೆ ಹಿಡಿಯುವುದೂ ಈ ಗುಣದಿಂದಲೇ, ಸಾಂಬಾರ್ ಪುಡಿಯ ಘಾಟು ಹಿಡಿಯುವುದೂ ಇದರಿಂದಲೇ. ಮಸಾಲೆ ಡಬ್ಬಿಗಳ ಸಾಲಿನಿಂದ ದೂರ, ಬಿಗಿ ಮುಚ್ಚಳದ ತವರದ ಡಬ್ಬಿಯಲ್ಲಿಡಿ. ಫ್ರಿಜ್ ಬೇಡ. ಹೊರತೆಗೆದಾಗಲೆಲ್ಲ ಉಂಡೆಯ ಮೇಲೆ ಹನಿಗಟ್ಟುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲಕ್ಕೆ ಮುನ್ನವೇ ಡಬ್ಬಿ ಮುಗಿಸುವುದು ಉತ್ತಮ. ಒಂದೊಂದು ಉಂಡೆಯನ್ನೂ ಪ್ರತ್ಯೇಕ ಪೊಟ್ಟಣದಲ್ಲಿ ಮುಚ್ಚಿರುವ ಡಬ್ಬಿಯನ್ನೇ ಕೊಂಡರೆ ಈ ಚಿಂತೆ ಅರ್ಧ ಇಳಿಯುತ್ತದೆ.

## ಮುಗಿದ ಮೇಲೆ

ಮೂರನೆಯ ಸುತ್ತಾದ ಮೇಲೆ ಪಾತ್ರೆಗೆ ತಣ್ಣೀರು ತುಂಬಿಟ್ಟರೆ ಹೂ ಇನ್ನೂ ಒಂದು ದಿನ ಮೇಜಿನ ಮೇಲೆ ನಿಂತಿರುತ್ತದೆ. ಆ ನೀರನ್ನು ಕುಡಿಯಬಾರದು. ಮನೆಯಲ್ಲಿ ಬೆಕ್ಕಿದ್ದು ಉಂಡೆಯಲ್ಲಿ ಲಿಲ್ಲಿ ಇದ್ದರೆ ಇದನ್ನು ಮಾಡಲೇಬೇಡಿ: ಲಿಲ್ಲಿ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ, ಅದು ನೆನೆದ ನೀರೂ ಅಪಾಯ. ಕೂಡಲೇ ಮುಚ್ಚಳವಿರುವ ಕಸದ ಬುಟ್ಟಿಗೆ ಹಾಕಿ. ಉಳಿದ ಹೂಗಳಾದರೆ ದಾರ ಬಿಚ್ಚಿ ತೆಗೆದು ಎಲೆ, ಹೂವನ್ನು ಗಿಡದ ಬುಡಕ್ಕೆ ಹಾಕಬಹುದು. ಗಾಜಿಗೆ ಹಿಡಿದ ಕಂದು ಕರೆ ಅಡುಗೆ ಸೋಡಾ ಹಾಕಿ ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ. ಪಾತ್ರೆ ತಿಕ್ಕುವ ಲೋಹದ ಸ್ಕ್ರಬರ್ ಮುಟ್ಟಿಸಬೇಡಿ. ಅದು ಎಬ್ಬಿಸಿದ ಸಣ್ಣ ಗೀರಿನಿಂದಲೇ ಮುಂದಿನ ಸಲ ಕುದಿನೀರು ಬಿದ್ದಾಗ ಗಾಜು ಸೀಳಬಹುದು.